ಚುಕ್ಕೆ ಹಾಕಿದ ಜಾಗ

“ಈ ಊರಲ್ಲಿ ಬರೀ ಮನುಷ್ಯ ಅನ್ನೋನು ಒಬ್ಬನೂ ಇಲ್ವಾ?”

ಮುನಿಕೃಷ್ಣ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದುದು ಆಹ್ವಾನ ಪತ್ರಿಕೆಯ ಕರಡು. ಮುಳಬಾಗಿಲಿನ ಪ್ರೆಸ್ಸಿನಲ್ಲಿ ಟೈಪ್ ಮಾಡುವ ಆಶಾರಾಣಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ಇದ್ರೆ ಅವರ ಹೆಸರು ಯಾಕೆ ಸಾರ್ ಅಚ್ಚಾಗುತ್ತೆ?” ಎಂದಳು.

ಟೊಮೆಟೊ ಮಂಡಿಯ ಕಾಂತರಾಜ್‌ಗೆ ಐವತ್ತು ತುಂಬುತ್ತಿತ್ತು. ಭಾನುವಾರ ಅಭಿನಂದನೆ. ಕಾಂತರಾಜ್ ‘ಜನಮಾನಸದ ಧ್ರುವತಾರೆ’. ಹಲ್ಲಿನ ಡಾಕ್ಟರು ‘ಸುಪ್ರಸಿದ್ಧ’. ಕಲ್ಯಾಣ ಮಂಟಪದ ಮಾಲೀಕ ‘ಸನ್ಮಾನ್ಯ’. ಅವನೊಡನೆ ಮಾತು ಬಿಟ್ಟ ತಮ್ಮ, ಜಗಳ ಬೇಡವೆಂದು, ‘ಪರಮ ಸನ್ಮಾನ್ಯ’. ಎಲ್ಲ ಮುನಿಕೃಷ್ಣ ಕೊಟ್ಟವೇ. ಅವನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಊರಿನಲ್ಲಿ ಯಾರ ಹೆಸರು ಅಚ್ಚಾಗುವುದಿದ್ದರೂ ಅದಕ್ಕೆ ಮೊದಲು ಹಾಕಲೊಂದು ಪದ ಕೇಳಿಕೊಂಡು ಅವನಲ್ಲಿಗೇ ಬರುತ್ತಿದ್ದರು.

ಉಳಿದದ್ದು ಒಂದು ಸಾಲು. ‘ಪ್ರಾರ್ಥನೆ: ............ ಮುನಿಯಲ್ಲಪ್ಪ, ಯಲ್ದೂರು.’

ಚುಕ್ಕೆಗಳನ್ನು ಆಶಾರಾಣಿ ಹಾಕಿದ್ದಳು. “ಪದ ಆಮೇಲೆ ಕೊಡ್ತೀನಿ ಅಂದ್ರಿ. ಮೂರು ದಿನ ಆಯ್ತು.”

“ಯೋಚ್ನೆ ಮಾಡ್ತಿದೀನಿ.”

“ಗಮಕ ಕೇಸರಿ ಅಂತ ಹಾಕ್ಲಾ?”

“ಅದು ಕೀಬೋರ್ಡ್ ಬಾರಿಸೋ ಅಮರನಾಥ್‌ಗೆ ಹೋಯ್ತು. ಹೋದ ವರ್ಷ.”

“ಅಮರನಾಥ್ ಗಮಕ ಹಾಡ್ತಾರಾ?”

“ಇಲ್ಲ.”

ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ.

ಯಲ್ದೂರಿನಲ್ಲಿ ಅವನ ನೆರೆಮನೆಯ ಮುನಿಯಲ್ಲಪ್ಪ ತಾತ ಹಗಲೆಲ್ಲ ಹೊಲ ಉತ್ತು, ರೇಷ್ಮೆಹುಳ ಸಾಕಿ, ಸಂಜೆ ಕೈಕಾಲು ತೊಳೆದು ಭಾರತದ ಪದ್ಯಗಳನ್ನು ರಾಗವಾಗಿ ಓದುತ್ತಿದ್ದವರು. ಚಿಕ್ಕಂದಿನಲ್ಲಿ ಮುನಿಕೃಷ್ಣ ಅವರ ಜಗಲಿಯ ಕಂಬಕ್ಕೆ ಒರಗಿ ಕೇಳುತ್ತಿದ್ದ, ಕೇಳಿದ್ದನ್ನು ತಿರುಗಿ ಹೇಳುತ್ತಿದ್ದ. ಅರ್ಥವಾಗುವ ಮೊದಲೇ ಮೈ ಜುಮ್ಮೆನ್ನುತ್ತಿತ್ತು. ದೇವರೆಂದರೆ ಅವನಿಗೆ ಆ ದನಿಯೇ. ಕಾಂತರಾಜ್ ಪ್ರಾರ್ಥನೆಗೆ ಬೇರೆ ಯಾರನ್ನೋ ಗೊತ್ತುಮಾಡಿದ್ದರೂ ಮುನಿಕೃಷ್ಣ ಹಟ ಹಿಡಿದು ಈ ಹೆಸರು ಸೇರಿಸಿದ್ದ. ತಾತನನ್ನು ಮಾತ್ರ ಇನ್ನೂ ಕೇಳಿರಲಿಲ್ಲ. ನೋಡಿಯೇ ಹನ್ನೆರಡು ವರ್ಷವಾಗಿತ್ತು. ಆ ದನಿ ಇನ್ನೊಮ್ಮೆ ಕಿವಿಗೆ ಬಿದ್ದರೆ ತನ್ನೊಳಗೆ ಏನೋ ಸರಿಹೋಗುತ್ತದೆ ಎಂದು, ಏನು ಕೆಟ್ಟಿದೆಯೆಂದು ಗೊತ್ತಿಲ್ಲದೆಯೂ, ನಂಬಿದ್ದ.

“ನಾಲ್ಕು ಗಂಟೆಗೆ ಮಿಷನ್ನಿಗೆ ಹೋಗುತ್ತೆ ಸಾರ್.”

ಕರಡು ಮಡಚಿ ಜೇಬಿಗಿಟ್ಟು ಬೈಕು ಹತ್ತಿದ. ದಾರಿಯುದ್ದಕ್ಕೂ ಪದ ಹುಡುಕಿದ. ‘ಪೂಜ್ಯ’ ಮಾವಿನಕಾಯಿ ವ್ಯಾಪಾರಿಗೆ ಹೋಗಿತ್ತು. ‘ಮಹನೀಯ’ ಸವೆದು ಹೋಗಿತ್ತು. ‘ಪ್ರಾತಃಸ್ಮರಣೀಯ’ ಎನಿಸಿಕೊಂಡವನು ಈಗ ಜೈಲಿನಲ್ಲಿದ್ದ. ಮದುವೆಗೆ ಬಾಡಿಗೆ ತಂದ ಕೋಟಿನಂತೆ, ಯಾವುದನ್ನು ಎತ್ತಿದರೂ ಇನ್ನೊಬ್ಬರ ಬೆವರಿನ ವಾಸನೆ.

ತಾತ ಹುಳದ ಮನೆಯ ಬಾಗಿಲಲ್ಲಿ ಕೂತು ಹಿಪ್ಪುನೇರಳೆ ಸೊಪ್ಪು ಕಡಿಯುತ್ತಿದ್ದರು.

“ರಾರಾ, ಕೃಷ್ಣ. ಕೂತ್ಕೋ. ಹುಳ ಪೊರೆ ಕಳಚಿ, ಜ್ವರ ಬಿಟ್ಟು ಎದ್ದವೆ, ಹಸಿವು ತಡೆಯಲ್ಲ.”

“ಚೆನ್ನಾಗಿದೀರಾ ತಾತ?”

“ಹಲ್ಲಿಲ್ಲ. ಮಿಕ್ಕಿದ್ದೆಲ್ಲ ಇದೆ. ಏನು ಬಂದೆ?”

ಕರಡು ಕೊಟ್ಟ. ತಾತ ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟು, ಗಟ್ಟಿಯಾಗಿ ಓದತೊಡಗಿದರು. ಮನಸ್ಸಿನೊಳಗೇ ಓದಿ ಅವರಿಗೆ ರೂಢಿಯಿಲ್ಲ. ಧ್ರುವತಾರೆಗೆ ನಿಲ್ಲಲಿಲ್ಲ. ಪರಮ ಸನ್ಮಾನ್ಯಕ್ಕೂ ನಿಲ್ಲಲಿಲ್ಲ.

“ನಿರೂಪಣೆ, ನಾಡಿನ ಹೆಸರಾಂತ ಚಿಂತಕ... ಯಾರ್ರಾ ಇವನು?”

“ನಾನೇ ತಾತ.”

“ಓಹೋ. ಏನು ಚಿಂತೆ ನಿಂಗೆ?”

ಉತ್ತರಕ್ಕೆ ಅವರು ಕಾಯಲಿಲ್ಲ. ಬೆರಳು ಕೆಳಗಿಳಿಯಿತು. “ಉಪಸ್ಥಿತರಿರುವ ಮುಳಬಾಗಿಲಿ...” ಅಚ್ಚಿನಲ್ಲಿ ಅಲ್ಲಿ ಜಾಗ ಬಿಟ್ಟಿತ್ತು. ತಾತನೂ ಬಿಟ್ಟರು. “ನಗಣ್ಯರು.”

ಮುನಿಕೃಷ್ಣ ಬಗ್ಗಿ ನೋಡಿದ. ಹೌದು. ಮುಳಬಾಗಿಲಿನ ‘ನ’ ತನ್ನ ಪದ ಬಿಟ್ಟು ಮುಂದಿನ ಗಣ್ಯರಿಗೆ ಅಂಟಿಕೊಂಡಿತ್ತು. ಅದರ ಕೆಳಗೆ ಹದಿನೇಳು ಹೆಸರು, ಪದಗಳ ಸಮೇತ.

“ಇದನ್ನ ತಿದ್ದಿದ್ದು ಯಾರು?”

“ನಾನೇ. ಮೂರು ಸಲ.”

“ಬಾಯಲ್ಲಿ ಓದಿದ್ಯಾ?”

“ಇಲ್ಲ.”

ತಾತ ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಪದ ಎಲ್ಲಿ ಕಡೀಬೇಕು ಅಂತ ಕಿವಿ ಹೇಳುತ್ತೆ. ಜಗಲಿ ಮೇಲೆ ನಿಂಗೆ ಒಂದಿನಾನೂ ತಪ್ಪಿರಲಿಲ್ಲ,” ಎಂದು ಮತ್ತೆ ಮಚ್ಚು ಹಿಡಿದರು.

“ಭಾನುವಾರ ಕಾರು ಕಳಿಸ್ತೀನಿ ತಾತ. ಎರಡೇ ಪದ್ಯ ಹೇಳಿ. ಈ ಚುಕ್ಕೆ ಇರೋ ಕಡೆ ನಿಮಗೊಂದು ಒಳ್ಳೇ ಪದ...”

“ಯಾವುದು?”

ಬಾಯಿ ತೆರೆದ. ನಾಲಿಗೆಗೆ ಬಂದದ್ದು ‘ಸುಪ್ರಸಿದ್ಧ’. ಮುಚ್ಚಿದ.

ತಾತ ಅವನ ಜೇಬಿನಿಂದ ಪೆನ್ನು ಎತ್ತಿಕೊಂಡು, ಸಾವಕಾಶವಾಗಿ, ತಮ್ಮ ಹೆಸರಿನ ಮೇಲೆ ಗೀಟು ಎಳೆದರು. ಊರಿನ ಮೇಲೂ ಎಳೆದರು. ಸಾಲಿನಲ್ಲಿ ಚುಕ್ಕೆಗಳಷ್ಟೇ ಉಳಿದವು.

ಫೋನು ಬಡಿದುಕೊಂಡಿತು. ಆಶಾರಾಣಿ. ಅವನು ಎತ್ತಲಿಲ್ಲ. ಅದು ನಿಂತ ಮೇಲೆ ಒಳಗಿನ ಸದ್ದು ಕೇಳಿಸಿತು: ತಟ್ಟೆ ತಟ್ಟೆಯಲ್ಲೂ ಹುಳಗಳು ಸೊಪ್ಪು ತಿನ್ನುತ್ತಿದ್ದವು, ಒಂದೇ ಸಮನೆ, ಎಲ್ಲೂ ಕಡಿಯದೆ.

“ಹೋಗ್ಲಿ ತಾತ, ಅವರಿಗೆ ಬೇಡ. ನಂಗೊಬ್ಬನಿಗೆ, ಇಲ್ಲೇ, ಒಂದು ಪದ್ಯ ಹೇಳಿ. ಕೇಳಿಸ್ಕೊಂಡು ಹೋಗ್ತೀನಿ.”

ತಾತ ಕನ್ನಡಕ ತೆಗೆದರು. ಅವನ ಮುಖವನ್ನಲ್ಲ, ಕಿವಿಯನ್ನು ನೋಡಿದರು. ಗೀಟು ಹಾಕಿದ ಕರಡನ್ನು ಅವನ ಅಂಗೈಗೆ ಒತ್ತಿದರು.

“ನಿನ್ನ ಕಿವಿಗೆ ಇನ್ನೂ ಇದೇ ಕೇಳಿಸಿಲ್ಲ. ಹೇಳಲ್ಲ ಕಣೋ.”