ನಾಲ್ಕು ಸೆಂಟಿಮೀಟರ್ ಆಚೆಯ ಓಪಲ್

ಮರುಭೂಮಿಯ ನಮ್ಮ ಗಣಿ ಊರು ಕೂಬರ್ ಪೀಡಿಯಲ್ಲಿ ಯಾರಾದರೂ ಮನೆಗೆ ಇನ್ನೊಂದು ಕಪಾಟು ಬೇಕು ಎಂದರೆ, ಅದರಲ್ಲಿ ಏನಿಡುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಊರೊಳಗೆ ಓಪಲ್ ರತ್ನದ ಗಣಿ ತೋಡುವಂತಿಲ್ಲ. ಆದರೆ ಗುಡ್ಡದ ಹೊಟ್ಟೆಯಲ್ಲಿ ಕೊರೆದುಕೊಂಡ ಮನೆಯನ್ನು ಒಳಗೊಳಗೇ ದೊಡ್ಡದು ಮಾಡಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ; ಕೊರೆಯುವಾಗ ಓಪಲ್ ಸಿಕ್ಕರೆ ಅದು ಮನೆಯವರದು. ಹೀಗಾಗಿ ಇಬ್ಬರೇ ಇರುವ ನಮ್ಮ ಮನೆಯಲ್ಲಿ ಒಂಬತ್ತು ಕೋಣೆಗಳಿವೆ. ಮೂರರಲ್ಲಿ ಏನೂ ಇಲ್ಲ. ನನ್ನ ಗಂಡ ಪಾನೋಸ್ ಅವುಗಳಿಗೆ ನನ್ನ ಹೆಸರು ಸೇರಿಸಿ ‘ಇರ್ಮಾಳ ಉಗ್ರಾಣಗಳು’ ಎಂದು ಹೆಸರಿಟ್ಟಿದ್ದಾನೆ.

ನಾನು ಇಪ್ಪತ್ತೆಂಟು ವರ್ಷ ಇಲ್ಲಿನ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದವಳು. ಓಪಲ್‌ಗೆ ಬಣ್ಣ ಎಲ್ಲಿಂದ ಬರುತ್ತದೆ ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಗುಂಡುಗಳು, ಎಲ್ಲ ಒಂದೇ ಗಾತ್ರದವು, ಅಂಗಡಿಯಲ್ಲಿ ಕಿತ್ತಳೆ ಹಣ್ಣು ಪೇರಿಸಿಟ್ಟ ಹಾಗೆ ಸಾಲಾಗಿ ಕೂತರೆ ಬೆಳಕು ಒಡೆದು ಬಣ್ಣವಾಗುತ್ತದೆ. ಅಡ್ಡಾದಿಡ್ಡಿ ಕೂತರೆ ಬರೀ ಮಂಕು ಕಲ್ಲು. ಅದನ್ನು ನಾವು ಪಾಚ್ ಎನ್ನುತ್ತೇವೆ. ಇಷ್ಟೆಲ್ಲ ತಿಳಿದವಳಿಗೆ ಇಪ್ಪತ್ತೆರಡು ಚಳಿಗಾಲ ಸಿಕ್ಕಿದ್ದೆಲ್ಲ ಪಾಚ್. ಭಾನುವಾರಗಳಂದು ಗಣಿಯವರು ಸುರಿದು ಹೋದ ಮಣ್ಣಿನ ದಿಬ್ಬಗಳ ಮೇಲೆ ಜರಡಿ ಹಿಡಿದು ಕೂತಿದ್ದೇನೆ. ಅಪರೂಪಕ್ಕೆ ಮಳೆ ಬಿದ್ದರೆ ಮರುದಿನ ಎಲ್ಲರಿಗಿಂತ ಮೊದಲು ಅಲ್ಲಿಗೆ ಓಡಿದ್ದೇನೆ. ಹನ್ನೊಂದು ಜಾಡಿ ಪಾಚ್ ಇದೆ, ದಿನಾಂಕ, ಸಿಕ್ಕಿದ ಜಾಗ ಬರೆದ ಚೀಟಿ ಸಮೇತ.

ಓಪಲ್ ಎಂದರೆ ಆಕಳಿಸುವ ಪಾನೋಸ್ ಮಾತ್ರ ಒಮ್ಮೆ ದಿಬ್ಬದ ಹಿಂದೆ ಮೂತ್ರಕ್ಕೆ ಹೋದವನು ಹಸಿರು ಮಿಂಚುವ ತುಂಡೊಂದನ್ನು ಹಿಡಿದುಕೊಂಡು ಬಂದ. “ಒದ್ದೆ ಮಾಡಿದ್ರೆ ಬಣ್ಣ ಕಾಣತ್ತೆ ಅಂತ ನೀನೇ ಹೇಳ್ತಿದ್ಯಲ್ಲೇ?” ಎಂದ. ಈ ಮಾತನ್ನು ಅವನು ಇವತ್ತಿಗೂ ಮನೆಗೆ ಬಂದವರಿಗೆಲ್ಲ ಹೇಳುತ್ತಾನೆ, ಊಟದ ಹೊತ್ತಿನಲ್ಲೇ.

ನನಗೆ ಬೇಕಿದ್ದದ್ದು ನಾನೇ ಕಂಡು ನನ್ನ ಕೈಯಾರೆ ತೆಗೆದ ಒಂದು ತುಂಡು. ಮಾರುವುದಕ್ಕಲ್ಲ. ಕಿರುಬೆರಳ ಉಗುರಿನಷ್ಟಿದ್ದರೂ ಸಾಕಿತ್ತು.

ಮೇ ತಿಂಗಳಲ್ಲಿ ಅಡುಗೆಮನೆಯ ಪೂರ್ವದ ಗೋಡೆಗೆ ಕಪಾಟು ಕೊರೆಯಲು ಶುರು ಮಾಡಿದೆ. ಆ ಗೋಡೆಯ ಆಚೆ ಮಿಲ್ಕಾಳ ಮನೆ. ಮಿಲ್ಕಾ ನನಗೆ ಹತ್ತೊಂಬತ್ತು ವರ್ಷಗಳಿಂದ ಗೆಳತಿ. ಅವಳ ಗಂಡ ಗಣಿಯಲ್ಲಿ ದುಡಿದವನು, ತೀರಿಕೊಂಡು ಆರು ವರ್ಷವಾಯಿತು. ಎರಡೂ ಮನೆಗಳನ್ನು ಹಿಂದೆ ನಾನೇ ಅಳೆದು ನಕ್ಷೆ ಬರೆದಿದ್ದೆ. ನಡುವಿನ ಮರಳುಗಲ್ಲಿನ ದಪ್ಪ ನೂರ ನಲವತ್ತು ಸೆಂಟಿಮೀಟರ್. ಸರಿಯಾಗಿ ನಡುವೆ, ಎಪ್ಪತ್ತಕ್ಕೆ, ಶಾಯಿಯಲ್ಲಿ ಎಳೆದ ಗಡಿಗೆರೆ. ಈಚೆಯದು ನಮ್ಮದು, ಆಚೆಯದು ಅವಳದು. ಇದಕ್ಕೆ ಕಾಗದ ಪತ್ರ ಬೇಕಿಲ್ಲ, ಊರಿನ ರೂಢಿಯೇ ಹಾಗೆ.

ನಲವತ್ತು ಸೆಂಟಿಮೀಟರ್ ಕೊರೆದಾಗ ಕಪಾಟು ಮುಗಿಯಬೇಕಿತ್ತು. ಆದರೆ ಹಿಂಬದಿಯಲ್ಲಿ ಬೆರಳು ದಪ್ಪದ ಬೂದು ಪಟ್ಟಿಯೊಂದು ಕಾಣಿಸಿತು. ಪಾಚ್. ಅದು ನೇರ ಗೋಡೆಯೊಳಕ್ಕೆ ಹೋಗಿತ್ತು. ಐವತ್ತೈದಕ್ಕೆ ಬಂದಾಗ ಬೂದಿನಲ್ಲಿ ನೀಲಿಯ ಛಾಯೆ ಇತ್ತು. ನಾಲಗೆ ತಾಗಿಸಿ ನೋಡಿದೆ, ಹೌದು, ನೀಲಿಯೇ. ಎಪ್ಪತ್ತಕ್ಕೆ ಬಂದೆ. ನೀಲಿ ಇನ್ನೂ ಗಾಢವಾಗಿತ್ತು, ಪಟ್ಟಿ ಮುಂದಕ್ಕೆ ಹೋಗುತ್ತಲೇ ಇತ್ತು.

ಆ ದಿನ ಮಾಡಿದ ಕೆಲಸವನ್ನು ಇದ್ದ ಹಾಗೇ ಹೇಳುತ್ತೇನೆ. ನಕ್ಷೆ ತೆಗೆದು, ಎಂಬತ್ತು ಸೆಂಟಿಮೀಟರಿಗೆ ಪೆನ್ಸಿಲಿನಲ್ಲಿ ಇನ್ನೊಂದು ಗಡಿಗೆರೆ ಎಳೆದೆ. ಹಳೆಯ ಟೇಪು ಜೋಲಿರಬಹುದು, ಗೋಡೆ ಸೊಟ್ಟಗಿರಬಹುದು ಎಂದು ಬದಿಯಲ್ಲಿ ಟಿಪ್ಪಣಿಯನ್ನೂ ಬರೆದೆ. ಇಂಥ ಟಿಪ್ಪಣಿ ಬರೆದ ವಿದ್ಯಾರ್ಥಿಗೆ ನಾನು ಸೊನ್ನೆ ಕೊಡುತ್ತಿದ್ದೆ.

ಅಲ್ಲಿಂದ ಮುಂದೆ ಮಂಗಳವಾರ ಮಾತ್ರ ಕೊರೆದೆ. ಮಂಗಳವಾರ ಬೆಳಿಗ್ಗೆ ಮಿಲ್ಕಾ ಕ್ಲಬ್ಬಿಗೆ ಬಿಂಗೋ ಆಡಲು ಹೋಗುತ್ತಾಳೆ.

ಜೂನ್ ಮೂರನೆಯ ಮಂಗಳವಾರ. ಪಾನೋಸ್ ಒಲೆಯ ಮುಂದೆ ಬೀನ್ಸ್ ಕಲಕುತ್ತಿದ್ದ. ನಾನು ಸಣ್ಣ ಪಿಕಾಸಿಯಲ್ಲಿ ಟಕ್ ಎಂದರೆ ಕಲ್ಲಿನೊಳಗಿಂದಲೂ ಟಕ್ ಎನ್ನುತ್ತಿತ್ತು. ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಪ್ರತಿಧ್ವನಿ ಎಂದುಕೊಂಡೆ. ಅಷ್ಟು ಕಲ್ಲಿನಲ್ಲಿ ಪ್ರತಿಧ್ವನಿ ಬರಲು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲೂ ಬೇಡ, ಇದು ಅರ್ಧ ಸೆಕೆಂಡು ತಡವಾಗಿ ಬರುತ್ತಿದೆ ಎಂಬುದು ತಲೆಗೆ ಹೊಳೆಯದೇ ಇರಲಿಲ್ಲ. ಹೊಳೆದದ್ದನ್ನು ಪಕ್ಕಕ್ಕಿಟ್ಟು ಮತ್ತೆ ಬೀಸಿದೆ.

ಪಿಕಾಸಿಯ ಮೂತಿ ಸಲೀಸಾಗಿ ಒಳಗೆ ಹೋಯಿತು. ಎಳೆದಾಗ ಮುಷ್ಟಿ ಗಾತ್ರದ ಕಲ್ಲು ಕಳಚಿ ಬಿತ್ತು. ಆ ತೂತಿನಿಂದ ಹಳದಿ ಬೆಳಕು ಬಂತು. ಆಮೇಲೆ ಒಂದು ಕಣ್ಣು ಬಂತು.

“ಇರ್ಮಾ?”

“ಮಿಲ್ಕಾ! ಬಿಂಗೋಗೆ ಹೋಗ್ಲಿಲ್ವಾ?”

“ನಂಬರ್ ಕೂಗೋನಿಗೆ ಗಂಟಲು ಕಟ್ಟಿದೆ, ಇವತ್ತು ಆಟ ಇಲ್ಲ. ನೀನೇನಮ್ಮಾ ಮಾಡ್ತಿದ್ದೀಯ ನನ್ನ ಕೋಟಿನ ಗೂಡಲ್ಲಿ?”

“ಕಪಾಟು ಮಾಡ್ತಿದ್ದೆ. ತಟ್ಟೆ ಇಡೋಕೆ.”

“ಎಷ್ಟುದ್ದದ ತಟ್ಟೆ ಮಾರಾಯ್ತಿ ಅದು?”

“ನೀನ್ಯಾಕೆ ಗೂಡು ಕೊರೀತಿದ್ದೀಯ? ನಿನ್ನ ಹತ್ರ ಇರೋದೇ ಒಂದು ಕೋಟು.”

“ದಪ್ಪ ಕೋಟು,” ಎಂದಳು ಮಿಲ್ಕಾ.

ತೂತಿನ ಆಚೆ ಅವಳ ಕೈಯಲ್ಲಿ ಉಳಿ, ಸುತ್ತಿಗೆ. ಕೂದಲ ತುಂಬ ಕೆಂಪು ಧೂಳು.

“ಯಾವಾಗಿಂದ?” ಎಂದೆ.

“ಏಪ್ರಿಲ್‌ನಿಂದ. ಗುರುವಾರ ಗುರುವಾರ, ನೀನು ಲೈಬ್ರರಿಗೆ ಹೋದಾಗ. ಇವತ್ತು ಆಟ ಇಲ್ವಲ್ಲ ಅಂತ ಕೂತೆ. ನೀನು?”

“ಮಂಗಳವಾರ.”

ಮೊದಲು ನಕ್ಕವನು ಪಾನೋಸ್. ಚಮಚ ಕೆಳಗಿಟ್ಟು, ಗೋಡೆ ಹಿಡಿದುಕೊಂಡು ನಕ್ಕ. ಆಮೇಲೆ ಆಚೆಯಿಂದ ಮಿಲ್ಕಾಳ ನಗು ಶುರುವಾಯಿತು. ನಾನೂ ನಕ್ಕೆ, ಆದರೆ ಪೂರ್ತಿಯಾಗಿ ಅಲ್ಲ. ಯಾಕೆಂದರೆ ಅಷ್ಟರಲ್ಲಿ ನನಗೆ ಅದು ಕಂಡಿತ್ತು.

ತೂತಿನ ಕೆಳ ಅಂಚಿನಲ್ಲಿ, ಪಟ್ಟಿಯಲ್ಲೇ, ಹುರುಳಿಕಾಯಿಯ ಬೀಜದಷ್ಟು ಜಾಗ ಬೂದು ಬಣ್ಣದ್ದಾಗಿರಲಿಲ್ಲ. ಮಿಲ್ಕಾ ಬೆರಳು ನೆಕ್ಕಿ ಅದರ ಮೇಲೆ ಒರೆಸಿದಳು. ಹಸಿರು ಹೊತ್ತಿಕೊಂಡಿತು. ನಾನು ತಲೆ ವಾಲಿಸಿದೆ; ಹಸಿರಿನ ಒಳಗಿನಿಂದ ಕಿತ್ತಳೆ, ಅದರ ತುದಿಗೆ ಕೆಂಪು. ಪಟ್ಟಿಯ ಉಳಿದದ್ದೆಲ್ಲ ಎರಡೂ ಕಡೆಗೆ ಪಾಚ್. ಬಣ್ಣ ಅಲ್ಲಿ ಮಾತ್ರ.

ಪಾನೋಸ್ ಒಲೆ ಆರಿಸಿ ಹತ್ತಿರ ಬಂದ.

“ಯಾರ ಕಡೆ ಇದೆ?” ಮಿಲ್ಕಾ ಕೇಳಿದಳು. ಅವಳ ದನಿ ಸಣ್ಣದಾಗಿತ್ತು. “ನಕ್ಷೆ ತಗೊಂಡು ಬಾ ಟೀಚರಮ್ಮ. ನೀನು ಹೇಳಿದ್ದೇ ಲೆಕ್ಕ. ನಿನ್ನ ಅಳತೆ ಯಾವತ್ತೂ ತಪ್ಪಿಲ್ಲ.”

ಕಪಾಟಿನ ಬಾಯಿಗೆ ಅಡ್ಡಲಾಗಿ ಮರದ ಪಟ್ಟಿ ಹಿಡಿದೆ, ಪಾನೋಸ್ ಅದನ್ನು ಒತ್ತಿಕೊಂಡ. ಅಲ್ಲಿಂದ ಟೇಪು ಒಳಗೆ ಬಿಟ್ಟೆ. ಎಪ್ಪತ್ತನಾಲ್ಕು. ಮೂರು ಸಲ ಅಳೆದೆ. ಮೂರು ಸಲವೂ ಎಪ್ಪತ್ತನಾಲ್ಕು. ತೂತು ಬಿದ್ದದ್ದು ಎಪ್ಪತ್ತೆಂಟಕ್ಕೆ. ಅಂದರೆ ಮಿಲ್ಕಾ ತನ್ನ ಕಡೆಯಿಂದ ಕೊರೆದದ್ದು ಅರವತ್ತೆರಡೇ. ತನ್ನ ಪಾಲಿನ ಎಪ್ಪತ್ತನ್ನು ಅವಳು ದಾಟಿಯೇ ಇರಲಿಲ್ಲ. ದಾಟಿದವಳು ನಾನು.

ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿದೆ. ಪಾನೋಸ್ ಕನ್ನಡಕ ಏರಿಸಿಕೊಂಡು ಬಗ್ಗಿದ.

“ಇಲ್ಲಿ ಎರಡು ಗೆರೆ ಇದೆಯಲ್ಲೇ,” ಎಂದ, ಮಿಲ್ಕಾಳಿಗೆ ಕೇಳದ ಹಾಗೆ.

“ಹೂಂ.”

“ಪೆನ್ಸಿಲಿಂದು ಯಾವತ್ತಿಂದು?”

ಪೆನ್ಸಿಲ್ ಗೆರೆಯ ಪ್ರಕಾರ ಆ ಕಲ್ಲು ನನ್ನದು, ಆರು ಸೆಂಟಿಮೀಟರ್ ಅಂತರದಿಂದ. ಆಚೆಯಿಂದ ಯಾರಿಗೂ ನಕ್ಷೆ ಕಾಣುತ್ತಿರಲಿಲ್ಲ. ಪಾನೋಸ್ ಬಾಯಿ ಬಿಡುವವನಲ್ಲ. ಇಪ್ಪತ್ತೆರಡು ಚಳಿಗಾಲದ ಜಾಡಿಗಳು ಶೆಲ್ಫಿನ ಮೇಲೆ ಸಾಲಾಗಿ ಕೂತಿದ್ದವು. ಹನ್ನೆರಡನೆಯ ಜಾಡಿಗೆ ಯಾವ ಚೀಟಿ ಬರೆಯುತ್ತಿದ್ದೆ ಎಂದು ಯೋಚಿಸಿದೆ. ದಿನಾಂಕ ಬರೆಯಬಹುದಿತ್ತು. ‘ಸಿಕ್ಕಿದ ಜಾಗ’ ಎಂಬಲ್ಲಿ ಏನು ಬರೆಯಲಿ?

ರಬ್ಬರ್ ತೆಗೆದುಕೊಂಡು ಪೆನ್ಸಿಲ್ ಗೆರೆಯನ್ನೂ ಟಿಪ್ಪಣಿಯನ್ನೂ ಅಳಿಸಿದೆ.

“ಮಿಲ್ಕಾ, ನಿನ್ನ ಕಡೆ ಇದೆ. ನಾಲ್ಕು ಸೆಂಟಿಮೀಟರ್.”

“ಖಂಡಿತಾನಾ?”

“ಮೂರು ಸಲ ಅಳೆದೆ. ನಾನು ನಿನ್ನ ಗೋಡೆಯೊಳಗೆ ಎಂಟು ಸೆಂಟಿಮೀಟರ್ ಬಂದಿದ್ದೀನಿ. ಗೊತ್ತಿದ್ದೇ ಬಂದೆ.”

ಮಿಲ್ಕಾಳ ಕಣ್ಣು ಮತ್ತೆ ತೂತಿಗೆ ಬಂತು. “ಸುಮ್ನಿದ್ದಿದ್ರೆ ನಂಬ್ತಿದ್ದೆ ಕಣೇ, ಪೆದ್ದೀ” ಎಂದಳು.

“ಗೊತ್ತು.”

ಅರ್ಧ ನೀನು ಇಟ್ಟುಕೋ ಎನ್ನುತ್ತಾಳೇನೋ ಎಂದು ಒಂದು ಗಳಿಗೆ ಕಾದೆ. ಸುಳ್ಳು ಹೇಳುವುದಿಲ್ಲ, ಕಾದೆ. ಮಿಲ್ಕಾ ಉಳಿ ಎತ್ತಿಕೊಂಡಳು. ಸುತ್ತಲಿನ ಕಲ್ಲನ್ನು ಅಷ್ಟಷ್ಟೇ ಕೆರೆದು ಅದನ್ನು ಇಡಿಯಾಗಿ ಬಿಡಿಸಿ ಅಂಗೈಯಲ್ಲಿಟ್ಟುಕೊಂಡಳು.

“ನಮ್ಮವನು ಮೂವತ್ತು ವರ್ಷ ಅಗೆದ. ಸಿಕ್ಕಿದ್ದೆಲ್ಲ ಸಂಜೆಯೊಳಗೆ ಮಾರಿಬಿಡ್ತಿದ್ದ. ಒಂದಾದ್ರೂ ಮನೆ ಹೊಸಿಲು ದಾಟಿ ಒಳಗೆ ಬರ್ಲಿಲ್ಲ,” ಎಂದಳು. ನಂತರ ಮುಷ್ಟಿ ಮುಚ್ಚಿದಳು. “ಇದನ್ನ ಕೊಡಲ್ಲ ಇರ್ಮಾ.”

“ಕೊಡು ಅಂತ ಯಾರು ಕೇಳಿದ್ರು?”

“ನಿನ್ನ ಮುಖ ಕೇಳ್ತಿದೆ. ಆದ್ರೆ ಸಾಣೆಚಕ್ರ ಇರೋದು ನಿನ್ನ ಹತ್ರ. ಉಜ್ಜಿ ಹೊಳಪು ನೀನು ಕೊಡಬೇಕು.”

ಮೂರು ಮಧ್ಯಾಹ್ನ ಆ ಕಲ್ಲಿನ ಜೊತೆ ಕೂತೆ. ಎಂಟನೆಯ ಕೋಣೆಯಲ್ಲಿ ನನ್ನ ಸಾಣೆಚಕ್ರವಿದೆ; ನೀರು ತೊಟ್ಟಿಕ್ಕಿಸುತ್ತ, ಹತ್ತು ಸುತ್ತಿಗೊಮ್ಮೆ ನಿಲ್ಲಿಸಿ ನೋಡುತ್ತ. ಒಂದು ಕೂದಲೆಳೆ ಹೆಚ್ಚು ಉಜ್ಜಿದರೆ ಬಣ್ಣದ ಪದರವೇ ಹೋಗುತ್ತದೆ. ಮೊದಲ ದಿನ ಹೊಟ್ಟೆಕಿಚ್ಚು ಇತ್ತು. ಎರಡನೆಯ ದಿನ ಮರೆತುಹೋಯಿತು. ಬೂದು ಸಿಪ್ಪೆ ಸರಿದು ಕೆಂಪು ಮೇಲಕ್ಕೆ ಬರುವಾಗ ಅದು ಯಾರದು ಎಂಬ ಪ್ರಶ್ನೆಗೆ ಪುರುಸೊತ್ತೇ ಇರಲಿಲ್ಲ. ಗುಂಡುಗಳು ಎಷ್ಟು ಶಿಸ್ತಾಗಿ ಕೂತಿದ್ದವು! ಇಷ್ಟು ವರ್ಷ ಪಾಠ ಮಾಡಿದ್ದನ್ನು ಮೊದಲ ಬಾರಿಗೆ ಬೆರಳ ತುದಿಯಲ್ಲಿ ಹಿಡಿದಿದ್ದೆ.

ತೂತನ್ನು ಮುಚ್ಚಲಿಲ್ಲ. ಪಾನೋಸ್ ಅಂಚು ನಯ ಮಾಡಿ ಚೌಕಟ್ಟು ಹಾಕಿದ್ದಾನೆ. ಈಚೆಯಿಂದ ಬೀನ್ಸ್ ಹೋಗುತ್ತದೆ, ಆಚೆಯಿಂದ ಕಾಫಿ ಬರುತ್ತದೆ. ಮಿಲ್ಕಾಳ ದಪ್ಪ ಕೋಟು ಈಗಲೂ ಬಾಗಿಲ ಹಿಂದಿನ ಮೊಳೆಗೇ ನೇತಾಡುತ್ತಿದೆ.

ಮುಂದಿನ ಮಂಗಳವಾರ ಬೆಳಿಗ್ಗೆ ಅವಳು ನಮ್ಮ ಬಾಗಿಲಲ್ಲಿ ನಿಂತಿದ್ದಳು. ಕೊರಳಲ್ಲಿ ಕರಿ ದಾರಕ್ಕೆ ಪೋಣಿಸಿದ ಕಲ್ಲು, ಕೈಯಲ್ಲಿ ಸುತ್ತಿಗೆ ಉಳಿ.

“ಬಿಂಗೋ ಇಲ್ವಾ?” ಎಂದೆ.

“ಇದೆ. ನಾನು ಹೋಗ್ತಿಲ್ಲ. ನಿನ್ನ ಉತ್ತರದ ಗೋಡೆ ಆಚೆ ಯಾರ ಮನೆ?”

“ಯಾರದೂ ಇಲ್ಲ. ಬರೀ ಗುಡ್ಡ.”

“ಹಂಗಾದ್ರೆ ಅಲ್ಲಿ ಸಿಕ್ಕಿದ್ದೆಲ್ಲ ನಿನ್ನದೇ. ನಾನು ಕೂಲಿಯವಳು. ಕಾಫಿಗೆ ದುಡೀತೀನಿ.”

ಪಾನೋಸ್ ಪತ್ರಿಕೆಯಿಂದ ತಲೆ ಎತ್ತಿದ. “ಈ ಸಲ ಏನಿಡೋಕೆ?”

“ಜಾಡಿಗಳು,” ಎಂದೆ. “ಹನ್ನೊಂದು ಇವೆ, ಜಾಗ ಸಾಲ್ತಿಲ್ಲ.”

“ಹನ್ನೆರಡಕ್ಕೆ ಜಾಗ ಮಾಡು,” ಎಂದು ಮಿಲ್ಕಾ ಸುತ್ತಿಗೆ ಎತ್ತಿದಳು.