ಸುಟ್ಟ ಹುಲ್ಲಿಗೆ ತೇಪೆ

ಮೋನಿಷಾ ಮೇಡಂ ಮನೆಯ ಅಂಗಳದ ಪ್ಲಾಸ್ಟಿಕ್ ಹುಲ್ಲು ಎರಡು ಗೇಣಿನಷ್ಟು ಕರಗಿ ಮುದ್ದೆಯಾಗಿತ್ತು. ಸಿದ್ದರಾಜು ಮಂಡಿಯೂರಿ ಅದನ್ನು ಬೆರಳಿನಿಂದ ಸವರಿದ ಕೂಡಲೇ ಇದು ಬೆಂಕಿಯ ಕೆಲಸವಲ್ಲವೆಂದು ಗೊತ್ತಾಗಿಹೋಯಿತು. ಕಿಡಿ ಬಿದ್ದರೆ ಕಪ್ಪಗೆ ತೂತಾಗುತ್ತದೆ. ಇಲ್ಲಿ ಕಪ್ಪಿನ ಸುಳಿವೇ ಇಲ್ಲ. ಎಸಳುಗಳು ಸುರುಟಿಕೊಂಡು ಉದ್ದಕ್ಕೆ ಪಟ್ಟಿಯಂತೆ ಅಂಟಿಕೊಂಡಿದ್ದವು. ತಲೆಯೆತ್ತಿ ಕಾಂಪೌಂಡಿನಾಚೆ ನೋಡಿದ. ಎದುರು ಮನೆಯ ಮಹಡಿಯ ಕಿಟಕಿಗೆ ಕನ್ನಡಿಯಂಥ ಗಾಜು. ಹೊತ್ತು ಇಳಿಯುವಾಗ ಬಿಸಿಲು ಆ ಗಾಜಿಗೆ ಬಡಿದು, ಒಟ್ಟುಗೂಡಿ, ನೇರ ಇಲ್ಲಿಗೇ ಬಂದು ಬೀಳುತ್ತದೆ.

ಹುಲ್ಲು ಹಾಸುವ ಮುಂಚೆ ಸುತ್ತಲಿನ ಗಾಜು ನೋಡಿಕೋ ಎಂದು ಕೆಲಸ ಕಲಿಸಿದವರು ಹೇಳಿದ್ದರು. ಹೋದ ವರ್ಷ ಅವನು ನೋಡಿಯೂ ಇದ್ದ. ಹೇಳಿದರೆ ಮೇಡಂ ಹುಲ್ಲೇ ಬೇಡವೆಂದುಬಿಟ್ಟಾರು ಎಂದು ನುಂಗಿಕೊಂಡಿದ್ದ. ಅರಿಶಿನಕುಂಟೆಯಾಚೆಯ ಈ ಬಡಾವಣೆಯಲ್ಲಿ ಎಲ್ಲ ಮನೆಗೂ ಅದೇ ಗಾಜು, ಹದಿನೆಂಟು ಅಂಗಳಕ್ಕೆ ಇವನೇ ಹಾಸಿದ ಹುಲ್ಲು. ಒಂದು ಕಡೆ ಬಾಯಿಬಿಟ್ಟರೆ ಹದಿನೆಂಟು ಕಡೆಯೂ ಕಿತ್ತುಕೊಂಡು ಹೋಗು ಅನ್ನುತ್ತಾರೆ.

"ಕರ್ಪೂರದಿಂದ ತಾನೆ ಸುಟ್ಟಿದ್ದು?" ಮೋನಿಷಾ ಬಾಗಿಲಲ್ಲಿ ನಿಂತು ಕೇಳಿದಳು.

ಪಕ್ಕದಲ್ಲೇ ನರಸಮ್ಮ ಬರಿಗಾಲಲ್ಲಿ ಕುಳಿತಿದ್ದಳು. ನಾಲ್ಕು ವರ್ಷದಿಂದ ಈ ಮನೆಯ ಮಗುವನ್ನು ಎತ್ತಿ ಆಡಿಸಿದವಳು. ಸಿದ್ದರಾಜುವನ್ನು ಈ ಮನೆಗೆ ತೋರಿಸಿಕೊಟ್ಟವಳೂ ಅವಳೇ, ನಮ್ಮೂರ ಹುಡುಗ ಎಂದು.

ಹೋದ ಅಮಾವಾಸ್ಯೆಯ ಸಂಜೆ ಮಗುವಿಗೆ ಜ್ವರ ಬಂದಿತ್ತು. ನರಸಮ್ಮ ಹಳೇ ಬಾಣಲೆಗೆ ಉಪ್ಪು, ಒಣಮೆಣಸಿನಕಾಯಿ ಹಾಕಿ, ಮೇಲೊಂದು ಬಿಲ್ಲೆ ಕರ್ಪೂರ ಹಚ್ಚಿ, ದೃಷ್ಟಿ ತೆಗೆದು ಅಂಗಳದಲ್ಲಿ ಇಟ್ಟಿದ್ದಳು. ಅದನ್ನು ಯಾರೂ ನೋಡಿರಲಿಲ್ಲ. ಹುಲ್ಲು ಕರಗಿದ್ದು ಕಣ್ಣಿಗೆ ಬಿದ್ದ ದಿನ ಮೇಡಂ ಕೇಳಿದಾಗ ಗೊತ್ತಿಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಪುಣ್ಯಾತ್ಗಿತ್ತಿ ತಾನಾಗಿಯೇ ಒಪ್ಪಿಕೊಂಡಳು: "ನಾನೇ ಕಣಮ್ಮ. ಉಪ್ಪು ಸಿಡೀತು, ಕಿಡಿ ಹಾರಿರ್ಬೋದು."

ಮೋನಿಷಾ ಕೂಗಾಡಲಿಲ್ಲ. ಕೂಗಾಡುವವರಾದರೂ ವಾಸಿ, ಸಂಜೆಗೆ ಮರೆಯುತ್ತಾರೆ. ಮಗುವಿನ ಹತ್ತಿರ ಬೆಂಕಿ ಹಚ್ಚುವ ಹೆಂಗಸು ಎಂದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಫೋಟೋ ಸಮೇತ ಹಾಕಿದಳು. ಇವತ್ತು ಸಂಜೆಗೆ ನರಸಮ್ಮನ ಗೇಟ್ ಪಾಸ್ ರದ್ದು. ಇನ್ನು ಯಾವ ಮನೆಯವರೂ ಒಳಗೆ ಸೇರಿಸುವುದಿಲ್ಲ. ಅಲ್ಲಿಯವರೆಗೆ ಇಲ್ಲೇ ಕುಳಿತು, ಮಾಡಿದ್ದನ್ನು ಕಣ್ಣಾರೆ ನೋಡು ಎಂದು ಅಪ್ಪಣೆ. ಒಳಗೆ ಮಗು "ಸಮ್ಮ, ಸಮ್ಮ" ಎಂದು ಬಾಗಿಲು ಬಡಿದು ಅಳುತ್ತಿತ್ತು. ನರಸಮ್ಮ ಎರಡು ಸಲ ಎದ್ದಳು. ಎರಡು ಸಲವೂ ಮೋನಿಷಾ ಬೆರಳ ಸನ್ನೆಯಲ್ಲೇ ಕೂರಿಸಿದಳು.

"ಹೇಳಿ ಸಿದ್ದರಾಜು, ಕರ್ಪೂರ ತಾನೆ?"

"ಹೂಂ ಮೇಡಂ. ಬೆಂಕೀದೇ."

ನರಸಮ್ಮ ತಲೆ ತಗ್ಗಿಸಿದಳು. ಮೋನಿಷಾ ಒಳಗೆ ಹೋದಳು.

ಸಿದ್ದರಾಜು ಕೆಲಸಕ್ಕಿಳಿದ. ಕರಗಿದ ಭಾಗವನ್ನು ಹೊಲಿಗೆಯ ಸಾಲು ಹಿಡಿದು ಬ್ಲೇಡಿನಿಂದ ಕೊಯ್ದು ತೆಗೆದ. ಹೊಸ ತುಂಡು ಹಾಕಿದರೆ ಬಣ್ಣ ಎದ್ದು ಕಾಣುತ್ತದೆ. ಅದಕ್ಕೆ ಮೂಲೆಯಲ್ಲಿ ಕುಂಡಗಳ ಹಿಂದೆ ಯಾರೂ ನೋಡದ ಕಡೆ ಅಷ್ಟೇ ಮಾಸಿದ ಚೌಕ ಕತ್ತರಿಸಿ ತಂದು, ಎಸಳು ವಾಲುವ ದಿಕ್ಕು ನೋಡಿ, ಅಡಿಗೆ ಟೇಪು ಹಾಸಿ, ಅಂಟು ಬಳಿದು ಕೂರಿಸಿದ. ಒಳ್ಳೆಯ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ.

ಮೂರೂವರೆ ದಾಟಿತು. ಮನೆಯ ನೆರಳು ಅಂಗಳಕ್ಕೆಲ್ಲ ಹಬ್ಬಿತ್ತು. ಆ ನೆರಳಿನ ನಡುವೆ, ಸರಿಯಾಗಿ ತೇಪೆಯ ಮೇಲೆ, ಎರಡು ಗೇಣುದ್ದದ ಬೆಳಕಿನ ಪಟ್ಟಿ ಬಂದು ಬಿತ್ತು. ನರಸಮ್ಮ ಅಂಗೈ ಚಾಚಿ ಮುಟ್ಟಿದವಳೇ ಕೈ ಹಿಂದಕ್ಕೆಳೆದುಕೊಂಡಳು.

"ಅಯ್ಯೋ ಸಿದ್ದ, ಕಾವಲಿ ಕಾದಂಗ್ ಕಾದದೆ! ನೋಡ್ಲಾ, ಆ ಕಿಟ್ಕಿಯಿಂದ ಬತ್ತಾಯಿದೆ!" ಅವಳ ಮುಖ ಅರಳಿತು. ನಾಲ್ಕು ದಿನದಿಂದ ಅನ್ನ ಸೇರದವಳು ಎದ್ದು ಬಾಗಿಲಿಗೆ ಓಡಿದಳು. "ಮೋನಿಷಮ್ಮ, ಬನ್ನಿ! ನಾನಲ್ಲ ಕಣಮ್ಮ, ಬಿಸ್ಲು! ಬಂದು ನೋಡಿ!"

ಸಿದ್ದರಾಜುವಿನ ಕಣ್ಣ ಮುಂದೆ ಹದಿನೆಂಟು ಅಂಗಳ ಬಂದವು. ಯೋಚಿಸುವಷ್ಟು ಪುರುಸೊತ್ತಿರಲಿಲ್ಲ. ಎದ್ದು, ಎದುರು ಮನೆಯ ಕಿಟಕಿಗೆ ಬೆನ್ನು ಕೊಟ್ಟು, ತೇಪೆಯ ಮುಂದೆ ನಿಂತುಬಿಟ್ಟ. ಬೆಳಕೆಲ್ಲ ಅವನ ಬೆನ್ನಿಗೆ ಬಿತ್ತು. ತೇಪೆ ನೆರಳಾಯಿತು.

ಮೋನಿಷಾ ಬಂದಳು. "ಎಲ್ಲಿ ಬಿಸಿಲು?"

"ಇಲ್ಲೇ ಇತ್ತಮ್ಮ! ಸಿದ್ದ, ಸರ್ಕೊಳ್ಳೋ ಒಸಿ!"

ಅವನು ಕದಲಲಿಲ್ಲ. ಮೋನಿಷಾ ಬಗ್ಗಿ ಕೈ ಚಾಚಿದಳು.

"ಮುಟ್ಬೇಡಿ ಮೇಡಂ, ಅಂಟು ಹಸಿ ಇದೆ. ಅದಕ್ಕೇ ಕಾಯ್ಕೊಂಡ್ ನಿಂತಿದೀನಿ."

"ಇವ್ಳು ಹೇಳ್ತಿರೋದು ನಿಜಾನಾ?"

ಅಂಗಿಯೊಳಗೆ ಬೆನ್ನು ಚುರುಗುಟ್ಟುತ್ತಿತ್ತು. "ನಂಗೇನೂ ಕಾಣಿಸ್ಲಿಲ್ಲ ಮೇಡಂ. ಬಿಸ್ಲಿಗೆ ಹುಲ್ಲು ಕರಗುತ್ತಾ ಎಲ್ಲಾದ್ರೂ?"

ಮೋನಿಷಾ ನಕ್ಕಳು. "ಮೊದ್ಲು ತಪ್ಪು ಒಪ್ಕೊಂಡಿದ್ದಕ್ಕೆ ಸ್ವಲ್ಪ ಮರ್ಯಾದೆ ಇಟ್ಟಿದ್ದೆ ನರಸಮ್ಮ. ಈಗ ಸುಳ್ಳೂ ಶುರುವಾಯ್ತಾ? ಸಂಜೆವರೆಗೂ ಬೇಡ, ಈಗ್ಲೇ ಹೊರಡು. ಪಾಪೂನ ಮಾತಾಡಿಸ್ಬೇಡ, ಆಮೇಲೆ ಹಟ ಮಾಡುತ್ತೆ." ಸಿದ್ದರಾಜುವಿನ ಕಡೆ ತಿರುಗಿ, "ನಿಮ್ಮ ನಂಬರ್ ಗುಂಪಲ್ಲಿ ಹಾಕ್ತೀನಿ. ಕೆಲಸ ನೀಟಾಗಿದೆ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗುವಿನ ಅಳು ಜೋರಾಯಿತು.

ನರಸಮ್ಮ ಬಾಗಿಲನ್ನೇ ನೋಡುತ್ತ ನಿಂತಳು. ಆಮೇಲೆ ತನ್ನ ಬಟ್ಟೆಯ ಚೀಲ ಎತ್ತಿಕೊಂಡು ಗೇಟಿಗೆ ಹೊರಟಳು. ದಾರಿ ಅವನ ಬೆನ್ನ ಹಿಂದಿನಿಂದಲೇ. ಅಲ್ಲಿ ಅವಳ ಹೆಜ್ಜೆ ನಿಂತದ್ದು ಅವನಿಗೆ ಕೇಳಿಸಿತು. ಬೈಯುತ್ತಾಳೆ, ಶಾಪ ಹಾಕುತ್ತಾಳೆ ಎಂದು ಹಲ್ಲು ಕಚ್ಚಿ ಕಾದ.

"ಬೆನ್ನು ಸುಡ್ತಿಲ್ವೇನಪ್ಪಾ?" ಅಂದಳು.

"ಇಲ್ಲಕ್ಕ" ಅಂದ ಸಿದ್ದರಾಜು, ತಿರುಗದೆ. "ನೀನು ಹೊರಡು."