ಮುಖಕ್ಕೆ ಹಾಕಿದ ಬೆಳಕು

ಇಪ್ಪತ್ತೆರಡು ವರ್ಷದಿಂದ ಈ ಸ್ಟುಡಿಯೋದ ಕಂಪ್ಯೂಟರ್ ಮುಂದೆ ಕೂತು ಊರಿನವರ ಮುಖ ತಿದ್ದುತ್ತಿದ್ದೇನೆ. ಗಿರಾಕಿಗಳ ಮಾತು ಯಾವತ್ತೂ ಒಂದೇ, ಸ್ವಲ್ಪ ಬೆಳ್ಳಗೆ ಮಾಡಿ. ಮೊನ್ನೆ ಮಧ್ಯಾಹ್ನ ಬಂದ ಹುಡುಗಿ ಮಾತ್ರ ಬೇರೇನೋ ಕೇಳಿದಳು.

"ಇದು ನಮ್ಮಮ್ಮ. ನಂಗೆ ಒಂದು ವರ್ಷ ಆಗಿದ್ದಾಗ ಹೋಗ್ಬಿಟ್ರು. ಇರೋದು ಇದೊಂದೇ ಫೋಟೋ, ನಿಮ್ಮಲ್ಲೇ ತೆಗೆಸಿದ್ದು. ಅವರು ನಿಜವಾಗ್ಲೂ ಯಾವ ಬಣ್ಣ ಇದ್ರೋ ಹಾಗೆ ಮಾಡ್ಕೊಡಿ."

"ನೀನೇ ನೋಡಿಲ್ಲ ಅಂದ್ಮೇಲೆ ನಂಗೆ ಹೇಗಮ್ಮ ಗೊತ್ತಾಗತ್ತೆ?" ರೇಗಿಯೇ ಕೇಳಿದೆ.

ಜೊತೆಗಿದ್ದ ಹೆಂಗಸನ್ನು ತೋರಿಸಿದಳು. "ದೊಡ್ಡಮ್ಮ ಇದಾರಲ್ಲ, ಅಮ್ಮನ ಸ್ವಂತ ಅಕ್ಕ. ಅವರು ಹೇಳ್ತಾರೆ." ಆಮೇಲೆ ದನಿ ಇಳಿಸಿದಳು. "ನೀನು ನಿಮ್ಮಮ್ಮನ ಹಾಗೆ ಇಲ್ವೇ ಇಲ್ಲ ಅಂತ ಮನೇಲಿ ಎಲ್ಲರೂ ಅಂತಾರೆ. ನಿಜಾನಾ ಅಂತ ನಾನೇ ನೋಡ್ಬೇಕು."

ಹುಡುಗಿ ಎಣ್ಣೆಗಪ್ಪು. ಫೋಟೋದ ಹೆಂಗಸು ಹಾಲಿನಷ್ಟು ಬಿಳಿ. ಮನೆಯವರು ಹೇಳಿದ್ದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಸ್ಕ್ಯಾನ್ ಮಾಡಿ, ಫೋಟೋದ ಕಪ್ಪು-ಬಿಳುಪು ಹೆಚ್ಚು ಕಡಿಮೆ ಮಾಡುವ ಲೆವೆಲ್ಸ್ ತೆರೆದೆ. ಅಲ್ಲಿ ಮೂರು ಗುಂಡಿ. ಎಡದ್ದು ಕಪ್ಪಿಗೆ, ಬಲದ್ದು ಬಿಳುಪಿಗೆ, ಮನುಷ್ಯರ ಮೈಬಣ್ಣವೆಲ್ಲ ನಡುವಿನದರ ಕೈಯಲ್ಲಿ. ಅದನ್ನು ಬಲಕ್ಕೆ ಎಳೆದಷ್ಟೂ ಮುಖ ಕಪ್ಪಾಗುತ್ತಾ ಹೋಗುತ್ತದೆ.

"ಇಷ್ಟೇ," ಅಂದರು ದೊಡ್ಡಮ್ಮ. "ಅಲ್ಲ, ಇನ್ನೂ ಸ್ವಲ್ಪ. ಅಯ್ಯೋ, ಇದು ಜಾಸ್ತಿ ಆಯ್ತು. ಮೊದಲಿದ್ದಷ್ಟೇ ಮಾಡಮ್ಮ."

"ಯಾವ ಮೊದಲು?"

ಅದು ಅವರಿಗೂ ತಿಳಿಯದು. ಟ್ಯೂಬ್‌ಲೈಟ್ ಆರಿಸಿ ನೋಡಿದೆವು, ಹಚ್ಚಿ ನೋಡಿದೆವು. ಪರದೆಯಲ್ಲಿ ಒಂದು ಬಣ್ಣ, ಹುಡುಗಿಯ ಮೊಬೈಲಿಗೆ ಕಳಿಸಿದರೆ ಇನ್ನೊಂದು. ಅರ್ಧ ಗಂಟೆಯಲ್ಲಿ ತಲೆ ಚಿಟ್ಟು ಹಿಡಿದು ಹೋಯಿತು. "ಜೊತೇಲಿ ಬೆಳೆದ ತಂಗಿ ಕಣ್ರೀ, ಅಷ್ಟೂ ನೆನಪಿಲ್ವಾ?" ಅಂದುಬಿಟ್ಟೆ.

ಅವರ ಮುಖ ಸಣ್ಣಗಾಯಿತು. "ದಿನಾ ಈ ಫೋಟೋ ನೋಡಿ ನೋಡಿ ಇದೇ ಅವಳ ಮುಖ ಆಗ್ಬಿಟ್ಟಿದೆ. ಇದರ ಹಿಂದೆ ಹೇಗಿದ್ದಳೋ, ಬರ್ತಾನೇ ಇಲ್ಲ ಕಣಮ್ಮ."

ಏನೂ ತೋಚದೆ ಫೋಟೋವನ್ನು ದೊಡ್ಡದು ಮಾಡಿ ಅತ್ತಿತ್ತ ಸರಿಸುತ್ತಿದ್ದೆ. ಮಡಿಲಲ್ಲಿಟ್ಟ ಕೈ ಪರದೆಗೆ ಬಂತು. ಮುಖ ಹಾಲು, ಕೈ ಈ ಹುಡುಗಿಯದೇ ಬಣ್ಣ. ಆಗೆಲ್ಲ ನಾವು ಬೆಳ್ಳಗೆ ಮಾಡುತ್ತಿದ್ದದ್ದು ಮುಖ, ಕತ್ತು ಎರಡನ್ನೇ. ಕೈ ಯಾರು ನೋಡ್ತಾರೆ ಅಂತ ಬಿಟ್ಟುಬಿಡುತ್ತಿದ್ದೆವು. ನಾವು ಅಂದರೆ ನಾನೇ. ಈ ಕೆಲಸಕ್ಕೆ ಇಲ್ಲಿ ಬೇರೆ ಯಾರೂ ಇರಲಿಲ್ಲ.

"ಇದನ್ನ ಬೆಳ್ಳಗೆ ಮಾಡಿದ್ದು ನಾನೇ," ಅಂದೆ. "ಅವರು ಕೇಳಿದ್ರೋ ಇಲ್ವೋ ಅದೂ ನೆನಪಿಲ್ಲ." ಹುಡುಗಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮುಖ, ಕತ್ತು ಎರಡನ್ನಷ್ಟೇ ಆರಿಸಿಕೊಂಡು, ಕೈಯ ಬಣ್ಣಕ್ಕೆ ಸರಿಹೊಂದುವವರೆಗೆ ನಡುವಿನ ಗುಂಡಿ ಎಳೆದೆ. ಬಿಳುಪಿನಲ್ಲಿ ತೊಳೆದುಹೋಗಿದ್ದ ಮೂಗಿನ ಅಂಚು, ಕೆನ್ನೆಯ ಏರು ಒಂದೊಂದೇ ಮೂಡಿದವು.

"ಇದು ಅವಳಲ್ಲ," ಅಂದರು ದೊಡ್ಡಮ್ಮ. "ಯಾರೋ ಬೇರೆ."

ಹುಡುಗಿ ಕುರ್ಚಿ ಎಳೆದುಕೊಂಡು ಪರದೆಯ ಪಕ್ಕಕ್ಕೇ ಕೂತಳು. ದೊಡ್ಡಮ್ಮ ಅವಳನ್ನು ನೋಡಿದರು, ಪರದೆ ನೋಡಿದರು, ಮತ್ತೆ ಅವಳನ್ನೇ ನೋಡಿದರು. ಗಡಿಬಿಡಿಯಲ್ಲಿ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

"ನೀನು ಅವಳ ಹಾಗಿಲ್ಲ ಅಂತ ಮೊದಲು ಅಂದಿದ್ದು ನಾನೇ ಕಣೇ," ಅಂದರು.

"ಅಮ್ಮ ಏನಂತಿದ್ರು? ನನ್ನ ನೋಡಿ?"

ದೊಡ್ಡಮ್ಮ ಪರದೆಯ ಮೇಲಿನ ಕೆನ್ನೆಯನ್ನು ಬೆರಳಿಂದ ಮುಟ್ಟಿದರು.

"ತೊಡೆ ಮೇಲೆ ಹಾಕ್ಕೊಂಡು, 'ಅಕ್ಕಾ, ಇವಳು ಥೇಟ್ ನಾನೇ' ಅಂತಿದ್ದಳು. ಅದನ್ನೂ ಮರೆತುಬಿಟ್ಟಿದ್ದೆನಲ್ಲೇ."